ವೋಲ್ಟೇಜ್ ಮತ್ತು ಕರೆಂಟ್ ಅಳೆದು ರೋಧ, ಸಾಮರ್ಥ್ಯ ಲೆಕ್ಕ ಹಾಕುವುದು: ಮಲೆನಾಡಿನ ಮನೆ-ತೋಟಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಒಂಟಿ ಮನೆಗಳೇ ಹೆಚ್ಚು. ಟೀಸಿ (ಟ್ರಾನ್ಸ್‌ಫಾರ್ಮರ್) ರಸ್ತೆಯ ಬದಿಗಿದ್ದರೆ ಮನೆ ಗುಡ್ಡದ ಆಚೆ, ತೋಟದ ಬಾವಿ ಅದಕ್ಕೂ ಕೆಳಗೆ. ಸಂಜೆ ಎಲ್ಲ ಮನೆಗಳಲ್ಲೂ ದೀಪ ಹತ್ತಿ, ಬೇಸಿಗೆಯಾದರೆ ಅದರ ಜೊತೆಗೆ ಪಂಪುಗಳೂ ಓಡುವ ಹೊತ್ತಿನಲ್ಲಿ ಲೈನಿನ ಕೊನೆಯ ಮನೆಯಲ್ಲಿ ವೋಲ್ಟೇಜ್ 180ರ ಆಸುಪಾಸಿಗೆ ಇಳಿಯುವುದು ಅಪರೂಪವೇನಲ್ಲ. ಉಪಕರಣಗಳ ಮೇಲಿನ ಚೀಟಿಯಲ್ಲಿ ಅಚ್ಚಾಗಿರುವ ವ್ಯಾಟ್ ಮಾತ್ರ 230 ವೋಲ್ಟ್ ಇದೆ ಎಂದು ನಂಬಿ ಬರೆದದ್ದು. ಆದ್ದರಿಂದ ಈ ಬರಹದಲ್ಲಿ ಬರುವ ಪ್ರತಿಯೊಂದು ಲೆಕ್ಕಕ್ಕೂ ಒಂದೇ ನಿಯಮ: ಉಪಕರಣ ಕೆಲಸ ಮಾಡುತ್ತಿರುವಾಗ, ಅದರ ತುದಿಯಲ್ಲಿಯೇ, ವೋಲ್ಟೇಜನ್ನೂ ಕರೆಂಟನ್ನೂ ಒಂದೇ ಹೊತ್ತಿನಲ್ಲಿ ಅಳೆಯಬೇಕು, ಅಳೆದ ಆ ಎರಡು ಸಂಖ್ಯೆಗಳಿಂದಲೇ ಮುಂದಿನದನ್ನು ಲೆಕ್ಕ ಹಾಕಬೇಕು.

ಸೂತ್ರಗಳು

ನಮಗೆ ಬೇಕಾಗುವ ಪ್ರಮಾಣಗಳು ನಾಲ್ಕು. ವೋಲ್ಟ್‌ಗಳಲ್ಲಿ ಅಳೆಯುವ ವೋಲ್ಟೇಜ್, ಅಂದರೆ ವಿಭವಾಂತರ. ಆಂಪಿಯರ್‌ಗಳಲ್ಲಿ ಅಳೆಯುವ ಕರೆಂಟ್, ಅಂದರೆ ವಿದ್ಯುತ್ ಪ್ರವಾಹ. ಓಮ್‌ಗಳಲ್ಲಿ ಹೇಳುವ ರೋಧ. ವ್ಯಾಟ್‌ಗಳಲ್ಲಿ ಹೇಳುವ ಸಾಮರ್ಥ್ಯ. ಮೊದಲೆರಡನ್ನು ಮೀಟರಿನಿಂದ ಅಳೆದರೆ ಉಳಿದೆರಡು ಹೀಗೆ ಸಿಗುತ್ತವೆ:

ರೋಧ = ವೋಲ್ಟೇಜ್ ÷ ಕರೆಂಟ್
ಸಾಮರ್ಥ್ಯ = ವೋಲ್ಟೇಜ್ × ಕರೆಂಟ್

ಮೊದಲನೆಯ ಸಂಬಂಧವನ್ನು ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದರು. ಈ ಎರಡನ್ನು ಸೇರಿಸಿದರೆ ಇನ್ನೆರಡು ರೂಪಗಳು ಹುಟ್ಟುತ್ತವೆ:

ಸಾಮರ್ಥ್ಯ = ಕರೆಂಟ್ × ಕರೆಂಟ್ × ರೋಧ
ಸಾಮರ್ಥ್ಯ = ವೋಲ್ಟೇಜ್ × ವೋಲ್ಟೇಜ್ ÷ ರೋಧ

ತಂತಿಯಲ್ಲಿ ಹುಟ್ಟುವ ಶಾಖವು ಕರೆಂಟಿನ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದನ್ನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್ 1841ರಲ್ಲಿ ಪ್ರಯೋಗದಿಂದ ತೋರಿಸಿದರು. ನಾಲ್ಕರಲ್ಲಿ ಯಾವುದನ್ನು ಎಲ್ಲಿ ಬಳಸಬೇಕೆಂಬ ಗೊಂದಲ ಬೇಡ. ತಂತಿ, ಜಾಯಿಂಟು, ಸ್ವಿಚ್ಚು, ಮೋಟಾರಿನ ವೈಂಡಿಂಗ್ (ಒಳಗೆ ಸುತ್ತಿದ ತಂತಿ) ಇವು ಎಷ್ಟು ಬಿಸಿಯಾಗುತ್ತವೆ ಎಂದು ತಿಳಿಯಲು ಮೂರನೆಯದು. ವೋಲ್ಟೇಜ್ ಏರಿಳಿದಾಗ ಹೀಟರಿನ ಶಾಖ ಎಷ್ಟಾಗುತ್ತದೆ ಎಂದು ತಿಳಿಯಲು ನಾಲ್ಕನೆಯದು. ಲೆಕ್ಕ ಮಾಡುವಾಗ ಮಿಲಿ ಆಂಪಿಯರನ್ನು ಸಾವಿರದಿಂದ ಭಾಗಿಸಿ ಆಂಪಿಯರ್ ಮಾಡಿಕೊಳ್ಳುವುದನ್ನೂ, ಕಿಲೋ ಓಮನ್ನು ಸಾವಿರದಿಂದ ಗುಣಿಸಿ ಓಮ್ ಮಾಡಿಕೊಳ್ಳುವುದನ್ನೂ ಮರೆಯಬಾರದು. ಉತ್ತರ ಸಾವಿರ ಪಟ್ಟು ಹೆಚ್ಚು ಅಥವಾ ಕಡಿಮೆ ಬಂದಿದ್ದರೆ ತಪ್ಪು ಬಹುತೇಕ ಇಲ್ಲಿಯೇ ಇರುತ್ತದೆ.

ಅಳೆಯುವ ಮೊದಲು

ಒಂದು ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್, ಒಂದು ಕ್ಲಾಂಪ್ ಮೀಟರ್ ಇದ್ದರೆ ಕೆಲಸಕ್ಕೆ ಸಾಕು. ಮಲ್ಟಿಮೀಟರಿನ ಮೇಲೆ ‘ಕ್ಯಾಟ್ 3, 600 ವೋಲ್ಟ್’ ಎಂಬ ಗುರುತು ಇರುವುದನ್ನೇ ಕೊಳ್ಳಿ. ಮನೆಯ ಬೋರ್ಡಿನವರೆಗೆ ಬರುವ ಲೈನಿನಲ್ಲಿ ಕ್ಷಣಕಾಲ ಏಳುವ ಹೆಚ್ಚುವರಿ ವೋಲ್ಟೇಜನ್ನು ತಡೆದುಕೊಳ್ಳುವಂತೆ ಅದನ್ನು ಮಾಡಿರುತ್ತಾರೆ, ಮತ್ತು ಗುಡುಗು-ಸಿಡಿಲಿನ ನಮ್ಮ ಸೀಮೆಯಲ್ಲಿ ಇದು ದುಂದು ಅನ್ನಿಸುವ ಖರ್ಚಲ್ಲ. ಸಿಡಿಲು ಇರುವಾಗ ಅಳೆಯುವ ಕೆಲಸವನ್ನೇ ಇಟ್ಟುಕೊಳ್ಳಬೇಡಿ.

ಎಚ್ಚರಿಕೆಯ ಮಾತನ್ನೂ ಇದೇ ಸೂತ್ರದಿಂದ ಹೇಳಬಹುದು. ಒದ್ದೆಯಾದ ಚರ್ಮವಿರುವ ದೇಹದ ರೋಧವನ್ನು ಸುಮಾರು 1000 ಓಮ್ ಎಂದು ಹಿಡಿದರೆ, 230 ವೋಲ್ಟ್ ಮುಟ್ಟಿದಾಗ ಹರಿಯುವ ಕರೆಂಟ್ 230 ÷ 1000, ಅಂದರೆ 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಜೀವ ಉಳಿಸಲೆಂದು ಮನೆಗಳಿಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿತಗೊಳ್ಳುವಂತೆ ಇರುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಅಪಾಯದ ಅಳತೆ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಬಚ್ಚಲಿನ ನೆಲ, ಬಾವಿಕಟ್ಟೆ, ಪಂಪಿನ ಶೆಡ್ಡಿನ ಮಣ್ಣು ತಿಂಗಳುಗಟ್ಟಲೆ ಒಣಗುವುದಿಲ್ಲ. ಒಣ ಮಣೆಯ ಮೇಲೆ, ಒಣ ರಬ್ಬರ್ ಚಪ್ಪಲಿ ಹಾಕಿಕೊಂಡು, ಒಣಗಿದ ಕೈಯಲ್ಲಿ, ಸಾಧ್ಯವಾದಷ್ಟೂ ಒಂದೇ ಕೈ ಬಳಸಿ ಅಳೆಯಿರಿ. ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಮೊದಲು ಅದನ್ನು ಹಾಕಿಸಿ, ಆಮೇಲೆ ಲೆಕ್ಕಕ್ಕೆ ಕೂರುವುದು ಒಳ್ಳೆಯದು. ಮೀಟರಿನ ಆಚೆಗಿನ ಕಂಬ, ಸರ್ವಿಸ್ ವೈರು, ಟೀಸಿ ಇವೆಲ್ಲ ಮೆಸ್ಕಾಂನವರ (ವಿದ್ಯುತ್ ಸರಬರಾಜು ಕಂಪನಿಯವರ) ಪಾಲಿನದು. ಅಲ್ಲಿಗೆ ಕೈ ಹಾಕಬಾರದು.

ಮೊದಲ ಹೆಜ್ಜೆ: ವೋಲ್ಟೇಜ್

ಮಲ್ಟಿಮೀಟರಿನ ಕಪ್ಪು ವೈರು ‘ಕಾಮನ್’ ಎಂಬ ರಂಧ್ರದಲ್ಲಿ, ಕೆಂಪು ವೈರು ವೋಲ್ಟ್-ಓಮ್ ರಂಧ್ರದಲ್ಲಿ ಇರಲಿ. ಗುಂಡಿಯನ್ನು ಅಲೆಯ ಗೆರೆ ಇರುವ ವೋಲ್ಟ್ ಜಾಗಕ್ಕೆ ತಿರುಗಿಸಿ, ರೇಂಜ್ ಆರಿಸಬೇಕಾದ ಮೀಟರಾದರೆ 600 ಅಥವಾ 750ರಲ್ಲಿ ಇಡಿ. ಎರಡು ಮೊನೆಗಳನ್ನು ಸಾಕೆಟಿನ ಫೇಸ್ ಮತ್ತು ನ್ಯೂಟ್ರಲ್ ರಂಧ್ರಗಳಿಗೆ ಇಟ್ಟು ಓದಿ. ಉಪಕರಣ ಬಂದ್ ಇದ್ದಾಗ ಒಮ್ಮೆ, ಓಡುತ್ತಿದ್ದಾಗ ಒಮ್ಮೆ ಅಳೆದು ಎರಡನ್ನೂ ಬರೆದುಕೊಳ್ಳಿ. ಈ ಎರಡರ ನಡುವಿನ ವ್ಯತ್ಯಾಸದಿಂದ ಮುಂದೆ ದೊಡ್ಡ ಪ್ರಯೋಜನವಿದೆ.

ಕೆಂಪು ವೈರು ಹಿಂದಿನ ಸಲ ಕರೆಂಟ್ ಅಳೆದು 10 ಆಂಪಿಯರ್ ರಂಧ್ರದಲ್ಲೇ ಉಳಿದಿದೆಯೇ ಎಂದು ಪ್ರತಿ ಸಲವೂ ನೋಡಿಕೊಳ್ಳಬೇಕು. ಆ ರಂಧ್ರದ ಒಳಗಿನ ರೋಧ ನೂರನೇ ಒಂದು ಓಮ್‌ನ ಆಸುಪಾಸು. 230ನ್ನು 0.01ರಿಂದ ಭಾಗಿಸಿ ನೋಡಿ, 23,000 ಬರುತ್ತದೆ. ಲೈನಿನ ರೋಧ ಅಡ್ಡ ಬರುವುದರಿಂದ ಅಷ್ಟು ಆಂಪಿಯರ್ ಹರಿಯುವುದಿಲ್ಲ ನಿಜ, ಆದರೆ ಹರಿಯುವಷ್ಟರಲ್ಲೇ ಮೀಟರ್ ಕೈಯಲ್ಲಿ ಸಿಡಿಯಬಹುದು.

ಎರಡನೆಯ ಹೆಜ್ಜೆ: ಕರೆಂಟ್

ಮನೆ ಲೈನಿನ ಕರೆಂಟನ್ನು ಮಲ್ಟಿಮೀಟರನ್ನು ಸರಣಿಯಲ್ಲಿ ಸೇರಿಸಿ ಅಳೆಯುವ ಪುಸ್ತಕದ ಕ್ರಮವನ್ನು ನಾನು ಶಿಫಾರಸು ಮಾಡುವುದಿಲ್ಲ. ಕ್ಲಾಂಪ್ ಮೀಟರಾದರೆ ತಂತಿಯನ್ನು ಕತ್ತರಿಸುವ, ಬಿಚ್ಚುವ ಪ್ರಮೇಯವೇ ಬರುವುದಿಲ್ಲ. ಆದರೆ ಕ್ಲಾಂಪಿನ ದವಡೆಯೊಳಗೆ ಒಂದೇ ತಂತಿ ಇರಬೇಕು. ಫೇಸ್, ನ್ಯೂಟ್ರಲ್ ಎರಡೂ ಸೇರಿದ ಇಡೀ ಕೇಬಲಿಗೆ ಹಾಕಿದರೆ ಹೋಗುವ ಕರೆಂಟ್, ಬರುವ ಕರೆಂಟ್ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ. ಇದಕ್ಕಾಗಿ ಒಂದು ಅಡಿ ಉದ್ದದ ಎಕ್ಸ್‌ಟೆನ್ಷನ್ ವೈರ್ ಮಾಡಿಟ್ಟುಕೊಳ್ಳಿ: ಕೇಬಲಿನ ಹೊರಗಿನ ಕವಚವನ್ನು ಮಾತ್ರ ಸ್ವಲ್ಪ ದೂರ ಸುಲಿದು, ಒಳಗಿನ ಮೂರು ತಂತಿಗಳನ್ನು ಅವುಗಳ ಇನ್ಸುಲೇಶನ್‌ಗೆ ಗಾಯವಾಗದಂತೆ ಬೇರೆ ಬೇರೆ ಮಾಡಿದರೆ ಯಾವ ಉಪಕರಣವನ್ನಾದರೂ ಅದರ ಮೂಲಕ ಅಳೆಯಬಹುದು. ಅರ್ಧ ಆಂಪಿಯರಿಗಿಂತ ಕಡಿಮೆ ಕರೆಂಟಿಗೆ ಕ್ಲಾಂಪಿನ ಓದು ಅಷ್ಟು ನಂಬಿಕೆಯದಲ್ಲ. ಆಗ ಇನ್ನಷ್ಟು ಉದ್ದವಾಗಿ ಬಿಡಿಸಿಟ್ಟ ಒಂದೇ ತಂತಿಯನ್ನು ದವಡೆಗೆ ಹತ್ತು ಸುತ್ತು ಸುತ್ತಿ, ಓದಿದ್ದನ್ನು ಹತ್ತರಿಂದ ಭಾಗಿಸಬೇಕು.

ಬ್ಯಾಟರಿ, ಸೋಲಾರ್ ಪ್ಯಾನೆಲ್‌ಗಳ ಡಿಸಿ ಕರೆಂಟನ್ನು ಅಗ್ಗದ ಕ್ಲಾಂಪ್ ಮೀಟರುಗಳು ಅಳೆಯುವುದಿಲ್ಲ; ಎಸಿ, ಡಿಸಿ ಎರಡನ್ನೂ ಅಳೆಯುವುದನ್ನು ಕೇಳಿ ಕೊಳ್ಳಬೇಕು.

ಮೂರನೆಯ ಹೆಜ್ಜೆ: ಸರಳವಾದ ಉಪಕರಣದಿಂದ ಆರಂಭ

ನೀರು ಕಾಯಿಸುವ ರಾಡ್ (ಕಾಯಿಲ್) ಈ ಲೆಕ್ಕಕ್ಕೆ ಎಲ್ಲಕ್ಕಿಂತ ಒಳ್ಳೆಯ ಪಾಠ. ಅದರಲ್ಲಿ ಮೋಟಾರಿಲ್ಲ, ಎಲೆಕ್ಟ್ರಾನಿಕ್ಸ್ ಇಲ್ಲ; ಒಳಗಿನ ನೈಕ್ರೋಮ್ ತಂತಿಯ ರೋಧ ಬಿಸಿಯಾದಾಗಲೂ ಕೆಲವೇ ಶೇಕಡದಷ್ಟು ಬದಲಾಗುತ್ತದೆ. ಹಂಡೆಯ ಒಲೆ ಇರುವ ಮನೆಗಳಲ್ಲೂ ಸೌದೆ ಒದ್ದೆಯಾಗುವ ಆಷಾಢದಲ್ಲಿ ಇದು ಹೊರಗೆ ಬರುತ್ತದೆ.

ಚೀಟಿಯಲ್ಲಿ 230 ವೋಲ್ಟ್, 1500 ವ್ಯಾಟ್ ಎಂದಿದೆ ಎನ್ನೋಣ. ಕರೆಂಟ್ 1500 ÷ 230 = 6.52 ಆಂಪಿಯರ್. ರೋಧ 230 ÷ 6.52 = 35.3 ಓಮ್. ಈಗ ಪ್ಲಗ್ ಹೊರತೆಗೆದು, ರಾಡ್ ತಣ್ಣಗಿರುವಾಗ, ಮಲ್ಟಿಮೀಟರನ್ನು ಕುದುರೆಲಾಳದ ಆಕಾರದ ಓಮ್ ಗುರುತಿಗೆ ತಿರುಗಿಸಿ ಪ್ಲಗ್ಗಿನ ಎರಡು ಕಡ್ಡಿಗಳ ನಡುವೆ ಅಳೆದರೆ 33ರಿಂದ 37ರೊಳಗೆ ಯಾವುದೋ ಒಂದು ಸಂಖ್ಯೆ ಬರುತ್ತದೆ. ತಯಾರಿಕೆಯಲ್ಲಿ ಅಷ್ಟು ವ್ಯತ್ಯಾಸ ಸಹಜ. ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿದಾಗ ಮೀಟರ್ ತೋರಿಸುವ 0.2, 0.3 ಓಮನ್ನು ಕಳೆಯಬೇಕು. ಅದು ಮೀಟರಿನ ವೈರುಗಳ ರೋಧ. ರೋಧವನ್ನು ಯಾವತ್ತೂ ಕರೆಂಟ್ ಇಲ್ಲದಾಗ ಮಾತ್ರ ಅಳೆಯಬೇಕು. ಪ್ಲಗ್ಗಿನ ಅರ್ತ್ ಕಡ್ಡಿಗೂ ಉಳಿದ ಎರಡಕ್ಕೂ ನಡುವೆ ಮೀಟರ್ ಯಾವ ಓದನ್ನೂ ತೋರಿಸಬಾರದು, ತೋರಿಸಿದರೆ ಆ ರಾಡನ್ನು ಬಳಸಬೇಡಿ.

ಸಂಜೆಯ 180 ವೋಲ್ಟ್‌ಗೆ ಬರೋಣ. ಕರೆಂಟ್ 180 ÷ 35.3 = 5.1 ಆಂಪಿಯರ್, ಸಾಮರ್ಥ್ಯ 180 × 5.1 = 918 ವ್ಯಾಟ್. ವೋಲ್ಟೇಜ್ ಶೇ. 22ರಷ್ಟು ಇಳಿದರೆ ಶಾಖ ಶೇ. 39ರಷ್ಟು ಇಳಿಯಿತು. ವೋಲ್ಟೇಜಿನ ವರ್ಗ ಸೂತ್ರದಲ್ಲಿದೆ ಎಂಬುದರ ಅರ್ಥ ಇದೇ. ಇಪ್ಪತ್ತು ಲೀಟರಿನ ಬಕೆಟ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಬೇಕಾಗುವ ಶಕ್ತಿ 20 × 4.2 × 30 = 2520 ಕಿಲೋ ಜೌಲ್. ಒಂದು ಯೂನಿಟ್ ಎಂದರೆ 3600 ಕಿಲೋ ಜೌಲ್ ಆದ್ದರಿಂದ ಇದು 0.7 ಯೂನಿಟ್. 1500 ವ್ಯಾಟಿನಲ್ಲಿ 28 ನಿಮಿಷ ಸಾಕಾಗುವ ಕೆಲಸಕ್ಕೆ 918 ವ್ಯಾಟಿನಲ್ಲಿ 46 ನಿಮಿಷ ಬೇಕು. ಯೂನಿಟ್ ಮಾತ್ರ ಎರಡೂ ಸಲ ಹೆಚ್ಚುಕಡಿಮೆ ಅಷ್ಟೇ. ಬಕೆಟಿನಿಂದ ಗಾಳಿಗೆ ಹೋಗುವ ಶಾಖವನ್ನು ಸೇರಿಸಿದರೆ ನಿಧಾನವಾಗಿ ಕಾಯಿಸಿದ್ದೇ ಒಂದಿಷ್ಟು ಹೆಚ್ಚು. ವೋಲ್ಟೇಜ್ ಕಡಿಮೆಯಿದ್ದರೆ ಬಿಲ್ಲು ಕಡಿಮೆ ಬರುತ್ತದೆ ಎಂಬ ಮಾತು ನೀರು ಕಾಯಿಸುವ ವಿಚಾರದಲ್ಲಿ ನಿಲ್ಲುವುದಿಲ್ಲ.

ತಣ್ಣಗಿನ ರೋಧ ಮೋಸ ಮಾಡುವ ಜಾಗ

ಹಳೆಯ 100 ವ್ಯಾಟಿನ ತಂತಿ ಬಲ್ಬು ಸಿಕ್ಕರೆ ಇದನ್ನೂ ನೋಡಿ. ಲೆಕ್ಕದ ಪ್ರಕಾರ 230 × 230 ÷ 100 = 529 ಓಮ್ ಇರಬೇಕು. ಮೀಟರ್ ಇಟ್ಟರೆ ನಲವತ್ತರ ಆಸುಪಾಸು ತೋರಿಸುತ್ತದೆ. ಮೀಟರ್ ಕೆಟ್ಟಿಲ್ಲ. ಟಂಗ್‌ಸ್ಟನ್ ತಂತಿ ಎರಡು ಸಾವಿರಕ್ಕೂ ಹೆಚ್ಚು ಡಿಗ್ರಿಗೆ ಕಾದಾಗ ಅದರ ರೋಧ ಹತ್ತು-ಹದಿನೈದು ಪಟ್ಟಾಗುತ್ತದೆ. ಹೀಗಾಗಿ ಉಪಕರಣದ ಕೆಲಸದ ವೇಳೆಯ ರೋಧ ಬೇಕಿದ್ದರೆ ಉರಿಯುತ್ತಿರುವಾಗಿನ ವೋಲ್ಟೇಜ್, ಕರೆಂಟ್ ಅಳೆದು ಭಾಗಿಸುವುದೊಂದೇ ಸರಿಯಾದ ದಾರಿ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಟಿವಿಗಳಿಗೆ ಒಂದು ರೋಧ ಎಂದು ಹೇಳುವುದೇ ಅರ್ಥವಿಲ್ಲದ್ದು. ಅವುಗಳೊಳಗಿನ ಸರ್ಕಿಟ್ ವೋಲ್ಟೇಜ್ ಇಳಿದರೆ ಕರೆಂಟನ್ನು ಹೆಚ್ಚಿಸಿಕೊಂಡು ತನ್ನ ವ್ಯಾಟನ್ನು ಕಾಪಾಡಿಕೊಳ್ಳುತ್ತದೆ.

ನಾಲ್ಕನೆಯ ಹೆಜ್ಜೆ: ಪಂಪಿನ ಮೋಟಾರು

ಮೋಟಾರಿನಲ್ಲಿ ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಬರುವುದು ವೋಲ್ಟ್-ಆಂಪಿಯರ್. ವ್ಯಾಟ್ ಬೇಕಾದರೆ ಅದನ್ನು ಪವರ್ ಫ್ಯಾಕ್ಟರಿನಿಂದಲೂ (ವೋಲ್ಟ್-ಆಂಪಿಯರಿನಲ್ಲಿ ನಿಜವಾಗಿ ವ್ಯಾಟ್ ಆಗುವ ಪಾಲು) ಗುಣಿಸಬೇಕು. ಸಿಂಗಲ್ ಫೇಸ್ 1 ಎಚ್‌ಪಿ ಪಂಪು 200 ವೋಲ್ಟ್‌ನಲ್ಲಿ 7 ಆಂಪಿಯರ್ ಎಳೆಯುತ್ತಿದೆ, ಅದರ ಚೀಟಿಯಲ್ಲಿ ಪವರ್ ಫ್ಯಾಕ್ಟರ್ 0.85 ಎಂದಿದೆ ಎನ್ನೋಣ. 200 × 7 × 0.85 = 1190 ವ್ಯಾಟ್. ಒಂದು ಎಚ್‌ಪಿ ಎಂದರೆ 746 ವ್ಯಾಟ್ ತಾನೇ, ಉಳಿದದ್ದು ಎಲ್ಲಿಗೆ ಹೋಯಿತು ಎಂದು ಕೇಳಬಹುದು. 746 ಎಂಬುದು ಮೋಟಾರಿನ ಶಾಫ್ಟಿನಲ್ಲಿ ಹೊರಬರುವ ಕೆಲಸ. ಲೈನಿನಿಂದ ಎಳೆದದ್ದು 1190. ಸಣ್ಣ ಮೋಟಾರುಗಳ ದಕ್ಷತೆ ಇಷ್ಟರಲ್ಲೇ ಇರುತ್ತದೆ, ವ್ಯತ್ಯಾಸವೆಲ್ಲ ಶಾಖವಾಗಿ ಹೋಗುತ್ತದೆ.

ತ್ರೀ ಫೇಸ್ ಪಂಪಿಗೆ ಎರಡು ಫೇಸುಗಳ ನಡುವಿನ ವೋಲ್ಟೇಜನ್ನು ಅಳೆದು 1.732ರಿಂದ ಗುಣಿಸಬೇಕು. 400 ವೋಲ್ಟ್, ಪ್ರತಿ ಫೇಸಿನಲ್ಲೂ 8 ಆಂಪಿಯರ್, ಪವರ್ ಫ್ಯಾಕ್ಟರ್ 0.8 ಇದ್ದರೆ 1.732 × 400 × 8 × 0.8 = ಸುಮಾರು 4430 ವ್ಯಾಟ್. 5 ಎಚ್‌ಪಿಯ ಮೋಟಾರಿಗೆ ಇದು ಸರಿಯಾದ ಲೆಕ್ಕ. ಮೂರು ಫೇಸಿನ ಕರೆಂಟು ಒಂದಕ್ಕೊಂದು ಸಮನಾಗಿಲ್ಲದಿದ್ದರೆ ಸರಾಸರಿ ತೆಗೆದು ಸಮಾಧಾನಪಡಬೇಡಿ, ಕಾರಣ ಹುಡುಕಿಸಿ.

ಇಲ್ಲಿ ರಾಡಿಗೂ ಮೋಟಾರಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು, ಏಕೆಂದರೆ ಮಲೆನಾಡಿನಲ್ಲಿ ಸುಟ್ಟು ರಿವೈಂಡಿಂಗಿಗೆ ಬರುವ ಮೋಟಾರುಗಳಲ್ಲಿ ಎಷ್ಟೋ ಈ ವ್ಯತ್ಯಾಸದಿಂದಲೇ ಬರುತ್ತವೆ. ವೋಲ್ಟೇಜ್ ಇಳಿದರೆ ರಾಡಿನ ಕರೆಂಟ್ ಇಳಿಯುತ್ತದೆ. ಮೋಟಾರು ಹಾಗಲ್ಲ, ನೀರೆತ್ತುವ ಹೊರೆ ಕಡಿಮೆಯಾಗದಿರುವುದರಿಂದ ಅದು ಕರೆಂಟನ್ನು ಹೆಚ್ಚಾಗಿ ಎಳೆಯುತ್ತದೆ. ಸರಿಯಾದ ವೋಲ್ಟೇಜಿನಲ್ಲಿ 6 ಆಂಪಿಯರ್ ಎಳೆಯುತ್ತಿದ್ದುದು 7 ಎಳೆದರೆ ವೈಂಡಿಂಗಿನ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ 36ರಿಂದ 49ಕ್ಕೆ ಏರುತ್ತದೆ, ಅಂದರೆ ಶೇ. 36ರಷ್ಟು ಹೆಚ್ಚು. 200ನ್ನು 7ರಿಂದ ಭಾಗಿಸಿ ಬರುವ 28.6 ಓಮನ್ನು ವೈಂಡಿಂಗಿನ ರೋಧ ಎಂದು ತಿಳಿಯುವುದೂ ತಪ್ಪು. ಮೋಟಾರನ್ನು ಬಿಚ್ಚಿ ಓಮ್ ಮೀಟರ್ ಇಟ್ಟರೆ ಕೆಲವೇ ಓಮ್ ಸಿಗುತ್ತದೆ. ಓಡುವಾಗ ಕರೆಂಟನ್ನು ತಡೆದು ಹಿಡಿಯುವುದು ಬಹುಪಾಲು ಕಾಂತಕ್ಷೇತ್ರದ ಕೆಲಸ.

ಐದನೆಯ ಹೆಜ್ಜೆ: ತಂತಿಯ ರೋಧ

ನಮ್ಮ ಕಡೆ ಈ ವಿದ್ಯೆ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ತಾಮ್ರದ ತಂತಿಯ ರೋಧವನ್ನು ಮೀಟರಿಲ್ಲದೆಯೂ ಲೆಕ್ಕ ಹಾಕಬಹುದು: ಉದ್ದವನ್ನು ಮೀಟರುಗಳಲ್ಲಿ ಹಿಡಿದು 0.0172ರಿಂದ ಗುಣಿಸಿ, ತಂತಿಯ ದಪ್ಪವನ್ನು ಚದರ ಮಿಲಿಮೀಟರಿನಲ್ಲಿ ಹಿಡಿದು ಅದರಿಂದ ಭಾಗಿಸಿದರೆ ಓಮ್ ಬರುತ್ತದೆ. ಅಂಗಡಿಯಲ್ಲಿ ‘ಎರಡೂವರೆ ಎಂಎಂ’ ಎಂದು ಕೇಳುವುದು ವಾಸ್ತವವಾಗಿ 2.5 ಚದರ ಮಿಲಿಮೀಟರಿನ ತಂತಿ. ಅಲ್ಯೂಮಿನಿಯಮ್ಮಿಗೆ 0.0172ರ ಬದಲು 0.0282 ಹಾಕಬೇಕು. ಈ ಅಂಕಿಗಳು 20 ಡಿಗ್ರಿಗೆ. ತಾಮ್ರ 30 ಡಿಗ್ರಿ ಹೆಚ್ಚು ಬಿಸಿಯಾದರೆ ರೋಧ ಶೇ. 12ರಷ್ಟು ಏರುತ್ತದೆ.

ಮನೆಯ ಮೀಟರಿನಿಂದ ತೋಟದ ಬಾವಿಗೆ 150 ಮೀಟರ್ ದೂರವಿದೆ, 2.5ರ ತಾಮ್ರದ ಕೇಬಲ್ ಎಳೆದಿದ್ದಾರೆ ಎನ್ನೋಣ. ಕರೆಂಟ್ ಹೋಗಿ ಬರಬೇಕಾದ್ದರಿಂದ ಉದ್ದ 300 ಮೀಟರ್; ಇದನ್ನು ಮರೆತು 150ಕ್ಕೇ ಲೆಕ್ಕ ಮಾಡುವವರು ಬಹಳ. 300 × 0.0172 ÷ 2.5 = 2.06 ಓಮ್. ಮೇಲೆ ಹೇಳಿದ ಪಂಪಿನ 7 ಆಂಪಿಯರ್ ಇದರಲ್ಲಿ ಹರಿದಾಗ ತಂತಿಯ ಉದ್ದಕ್ಕೂ ಬೀಳುವ ವೋಲ್ಟೇಜ್ 2.06 × 7 = 14.4; ಶಾಖವಾಗಿ ಹೋಗುವ ಸಾಮರ್ಥ್ಯ 7 × 7 × 2.06 = 101 ವ್ಯಾಟ್. ಮೋಟಾರಿನ ಪವರ್ ಫ್ಯಾಕ್ಟರ್ ಒಂದಕ್ಕಿಂತ ಕಡಿಮೆ ಇರುವುದರಿಂದ ಮನೆಯ ಓದಿಗೂ ಬಾವಿಯ ಓದಿಗೂ ಕಾಣುವ ವ್ಯತ್ಯಾಸ 14ಕ್ಕಿಂತ ಸ್ವಲ್ಪ ಕಡಿಮೆ, 12ರ ಹತ್ತಿರ ಇರಬಹುದು. ಶಾಖದ ಲೆಕ್ಕದಲ್ಲಿ ಮಾತ್ರ ಏನೂ ಬದಲಾವಣೆಯಿಲ್ಲ. ಅದೇ ದೂರಕ್ಕೆ 4ರ ತಂತಿ ಹಾಕಿದ್ದರೆ ರೋಧ 1.29 ಓಮ್, ನಷ್ಟ 63 ವ್ಯಾಟ್, 6ರದ್ದಾದರೆ 0.86 ಓಮ್, 42 ವ್ಯಾಟ್.

ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತವಾಗಿರುವುದರಿಂದ ಈ ವ್ಯಾಟುಗಳನ್ನು ಯಾರೂ ದುಡ್ಡಿನ ಲೆಕ್ಕದಲ್ಲಿ ನೋಡುವುದಿಲ್ಲ. ನೋಡಬೇಕಾದ್ದು ವೋಲ್ಟೇಜನ್ನು. ಮೀಟರಿನ ಬಳಿ 190 ಮಾತ್ರ ಬರುವ ದಿನ ಬಾವಿಯ ಬಳಿ 178 ಆಯಿತೆಂದರೆ ಮೋಟಾರು ಸ್ಟಾರ್ಟ್ ಆಗದೆ ಗುಂಯ್‌ಗುಡುತ್ತದೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟಾರು ಓಡುವಾಗಿನದರ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ಆ ಕ್ಷಣದ ಕುಸಿತ ಇನ್ನೂ ಹೆಚ್ಚು. ತಂತಿಯ ದಪ್ಪದಲ್ಲಿ ಉಳಿಸಿದ ಹಣ ಒಂದು ರಿವೈಂಡಿಂಗಿಗೆ ಸರಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇದೇ ಲೆಕ್ಕದ ದೊಡ್ಡ ರೂಪ ಜೋಗದ ಹತ್ತಿರವೇ ಇದೆ. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವ್ಯಾಟಿನ ಹತ್ತು ಘಟಕಗಳಿವೆ. ಒಂದು ಘಟಕದ ಪೂರ್ತಿ ಸಾಮರ್ಥ್ಯವನ್ನು 220 ಕಿಲೋ ವೋಲ್ಟ್‌ನ ತ್ರೀ ಫೇಸ್ ಲೈನಿನಲ್ಲಿ ಕಳಿಸಿದರೆ, ಪವರ್ ಫ್ಯಾಕ್ಟರ್ ಒಂದು ಎಂದು ಹಿಡಿದು, ಪ್ರತಿ ತಂತಿಯಲ್ಲಿ ಸುಮಾರು 272 ಆಂಪಿಯರ್ ಹರಿಯುತ್ತದೆ. ಅದನ್ನೇ 11 ಕಿಲೋ ವೋಲ್ಟ್‌ನಲ್ಲಿ ಕಳಿಸಹೊರಟರೆ ಇಪ್ಪತ್ತು ಪಟ್ಟು, ಸುಮಾರು 5430 ಆಂಪಿಯರ್. ಅದೇ ತಂತಿಯಲ್ಲಿ ಶಾಖ 400 ಪಟ್ಟು. ಕಾಡಿನ ಮೇಲೆ ಅಷ್ಟೆತ್ತರದ ಗೋಪುರಗಳು ಎದ್ದಿರುವುದರ ಹಿಂದೆ ಇರುವುದು ಈ ವರ್ಗದ ಲೆಕ್ಕವೇ.

ಆರನೆಯ ಹೆಜ್ಜೆ: ಮನೆಗೆ ಬರುವ ಲೈನಿನ ರೋಧ

ಕಂಬ ಹತ್ತದೆ, ಯಾರನ್ನೂ ಕೇಳದೆ, ಟೀಸಿಯಿಂದ ನಿಮ್ಮ ಸಾಕೆಟಿನವರೆಗಿನ ಒಟ್ಟು ರೋಧವನ್ನು ಎರಡು ಓದುಗಳಿಂದ ತಿಳಿಯಬಹುದು. ಬೇರೆಲ್ಲವನ್ನೂ ಬಂದ್ ಮಾಡಿ ಸಾಕೆಟಿನ ವೋಲ್ಟೇಜ್ ಅಳೆಯಿರಿ. 210 ಬಂತು ಎನ್ನೋಣ. ಪಕ್ಕದ ಸಾಕೆಟಿನಲ್ಲಿ ರಾಡನ್ನು ನೀರಿನ ಬಕೆಟಿನಲ್ಲಿಟ್ಟು ಹಾಕಿ ಮತ್ತೆ ಅಳೆಯಿರಿ; 202 ವೋಲ್ಟ್, 5.73 ಆಂಪಿಯರ್. ಕುಸಿದದ್ದು 8 ವೋಲ್ಟ್; 8 ÷ 5.73 = 1.4 ಓಮ್. ಅಕ್ಕಪಕ್ಕದವರು ಆ ನಡುವೆಯೇ ಏನನ್ನಾದರೂ ಹಾಕಿದರೆ, ಆರಿಸಿದರೆ ಓದು ಕೆಡುವುದರಿಂದ ನಾಲ್ಕೈದು ಸಲ ಹಾಕಿ-ಆರಿಸಿ ನೋಡಿ ಹೊಂದುವ ಓದನ್ನು ಇಟ್ಟುಕೊಳ್ಳಬೇಕು.

ಈ 1.4 ಓಮ್ ಕೈಯಲ್ಲಿದ್ದರೆ ಮುಂದಾಗುವುದನ್ನು ಹೇಳಬಹುದು. 2000 ವ್ಯಾಟಿನ ಗೀಸರನ್ನು ಕೊಳ್ಳುವ ಯೋಚನೆ ಇದೆ ಎನ್ನೋಣ. ಅದರ ರೋಧ 230 × 230 ÷ 2000 = 26.5 ಓಮ್. ರಾಡ್, ಗೀಸರ್ ಎರಡೂ ಒಟ್ಟಿಗೆ ಉರಿದರೆ ಸಮಾಂತರ ಜೋಡಣೆಯ ರೋಧ ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿದಷ್ಟು: 35.3 × 26.5 ÷ 61.8 = 15.1 ಓಮ್. ಲೈನಿನದನ್ನೂ ಕೂಡಿಸಿದರೆ 16.5. ಕರೆಂಟ್ 210 ÷ 16.5 = 12.7 ಆಂಪಿಯರ್, ಸಾಕೆಟಿನಲ್ಲಿ ಉಳಿಯುವ ವೋಲ್ಟೇಜ್ 12.7 × 15.1 = 192. ಲೈನಿನಲ್ಲಿ ವ್ಯರ್ಥವಾಗುವುದು 12.7 × 12.7 × 1.4 = 226 ವ್ಯಾಟ್. ಸ್ಟೆಬಿಲೈಸರ್ ಹಾಕಿದರೆ ಇದು ಸರಿಹೋಗುವುದಿಲ್ಲ; ಸ್ಟೆಬಿಲೈಸರ್ ವೋಲ್ಟೇಜನ್ನು ಎತ್ತಲು ಲೈನಿನಿಂದ ಇನ್ನಷ್ಟು ಕರೆಂಟನ್ನೇ ಎಳೆಯುತ್ತದೆ. ಮೆಸ್ಕಾಂ ಕಚೇರಿಗೆ ಅರ್ಜಿ ಕೊಡುವಾಗ ‘ವೋಲ್ಟೇಜ್ ಇಲ್ಲ’ ಎಂದು ಬರೆಯುವುದಕ್ಕಿಂತ, ಹೊರೆ ಇಲ್ಲದಾಗ ಇಷ್ಟು, ಇಷ್ಟು ಆಂಪಿಯರ್ ಹೊರೆಯಲ್ಲಿ ಇಷ್ಟು ಎಂದು ಬರೆದರೆ ತೊಂದರೆ ಟೀಸಿಯದೋ ಸರ್ವಿಸ್ ವೈರಿನದೋ ಎಂದು ನೋಡುವವರಿಗೆ ದಾರಿ ಸಿಗುತ್ತದೆ. ಹೊರೆ ಇಲ್ಲದಾಗಲೇ 185 ಇದ್ದರೆ ದೋಷ ಬಹುಮಟ್ಟಿಗೆ ನಿಮ್ಮ ಮನೆಯ ಆಚೆಗಿನದು. ಹೊರೆ ಹಾಕಿದಾಗ ಮಾತ್ರ ಧಡಕ್ಕನೆ ಕುಸಿಯುತ್ತಿದ್ದರೆ ನಿಮ್ಮ ಮನೆಗೆ ಬರುವ ಸರ್ವಿಸ್ ವೈರು, ಮೇನ್ ಸ್ವಿಚ್ಚು, ಜಾಯಿಂಟುಗಳನ್ನು ಮೊದಲು ನೋಡಿಸಿ.

ಜಾಯಿಂಟಿನ ವಿಷಯ ಬಂದದ್ದರಿಂದ ಹೇಳುತ್ತೇನೆ. ಮಳೆಗಾಲದ ತೇವದಲ್ಲಿ ಕಿಲುಬು ಹಿಡಿದ ಒಂದು ಸಾಕೆಟಿನ ಸಂಪರ್ಕ ಅರ್ಧ ಓಮ್ ಆಯಿತು ಎಂದಿಟ್ಟುಕೊಳ್ಳಿ. 10 ಆಂಪಿಯರಿನಲ್ಲಿ 10 × 10 × 0.5 = 50 ವ್ಯಾಟ್. ರೇಡಿಯೋ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದರ ಎರಡರಷ್ಟು ಶಾಖ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಳಗೆ ಹುಟ್ಟುತ್ತದೆ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಇದಕ್ಕೆ ಬೀಳುವುದಿಲ್ಲ, ಏಕೆಂದರೆ ಕರೆಂಟ್ ಹೆಚ್ಚಾಗಿಲ್ಲ. ಪ್ಲಗ್ ಕಂದುಬಣ್ಣಕ್ಕೆ ತಿರುಗಿದ್ದರೆ ಪ್ಲಗ್ಗು, ಸಾಕೆಟ್ಟು ಎರಡನ್ನೂ ಬದಲಿಸಬೇಕು, ಮತ್ತು ರಾಡ್, ಗೀಸರುಗಳನ್ನು 16 ಆಂಪಿಯರಿನ ಸಾಕೆಟಿಗೇ ಹಾಕಬೇಕು.

ನ್ಯೂಟ್ರಲ್ ತುಂಡಾದಾಗ

ಲೈನಿನ ಮೇಲೆ ಮರ ಬಿದ್ದು ನ್ಯೂಟ್ರಲ್ ತಂತಿಯೊಂದೇ ತುಂಡಾಗಿ ಫೇಸುಗಳು ಉಳಿದರೆ, ಬೇರೆ ಬೇರೆ ಫೇಸಿನ ಎರಡು ಮನೆಗಳು 400 ವೋಲ್ಟ್‌ಗೆ ಸರಣಿಯಲ್ಲಿ ಬಂದುಬಿಡಬಹುದು. ಒಂದರಲ್ಲಿ 35 ಓಮಿನ ರಾಡ್ ಉರಿಯುತ್ತಿದೆ, ಇನ್ನೊಂದರಲ್ಲಿ ಸುಮಾರು 500 ಓಮಿಗೆ ಸಮನಾದ ಸಣ್ಣ ಹೊರೆ ಇದೆ ಎನ್ನೋಣ. ವೋಲ್ಟೇಜ್ ರೋಧದ ಪ್ರಮಾಣದಲ್ಲಿ ಹಂಚಿಹೋಗುತ್ತದೆ: ಸಣ್ಣ ಹೊರೆಯ ಮನೆಗೆ 400 × 500 ÷ 535 = 374 ವೋಲ್ಟ್, ರಾಡಿನ ಮನೆಗೆ 26. ಗಾಳಿಮಳೆಯ ರಾತ್ರಿ ಒಂದು ಮನೆಯ ದೀಪ ಮಂಕಾಗಿ ಪಕ್ಕದ ಮನೆಯ ಟಿವಿ ಸುಟ್ಟುಹೋಗುವುದರ ಕಾರಣ ಇದು. ದೀಪಗಳು ಒಮ್ಮೆಗೇ ವಿಪರೀತ ಪ್ರಕಾಶಿಸಿದರೆ ಅಳೆಯುತ್ತ ನಿಲ್ಲದೆ ಮೇನ್ ಸ್ವಿಚ್ಚನ್ನು ಆರಿಸಿ.

ಇನ್ವರ್ಟರ್ ಬ್ಯಾಟರಿ

ಕರೆಂಟ್ ಹೋದರೆ ದಿನಗಟ್ಟಲೆ ಬಾರದ ಊರುಗಳಲ್ಲಿ ಇನ್ವರ್ಟರ್ ಇಲ್ಲದ ಮನೆ ಕಡಿಮೆ. 300 ವ್ಯಾಟಿನ ಹೊರೆಗೆ 230 ವೋಲ್ಟ್‌ನ ಕಡೆ 1.3 ಆಂಪಿಯರ್ ಸಾಕು. ಇನ್ವರ್ಟರಿನೊಳಗಿನ ನಷ್ಟವನ್ನೂ ಸೇರಿಸಿ 360 ವ್ಯಾಟ್ ಎಂದು ಹಿಡಿದರೆ 12 ವೋಲ್ಟ್ ಬ್ಯಾಟರಿಯ ಕಡೆ 360 ÷ 12 = 30 ಆಂಪಿಯರ್ ಹರಿಯಬೇಕು. ಬ್ಯಾಟರಿಯ ಟರ್ಮಿನಲ್ಲಿನಲ್ಲಿ ಬಿಳಿ ಹೂವು ಕಟ್ಟಿ ಸಂಪರ್ಕದ ರೋಧ 0.03 ಓಮ್ ಆದರೂ ಸಾಕು, 0.9 ವೋಲ್ಟ್ ಅಲ್ಲೇ ಬಿದ್ದುಹೋಗಿ ಬ್ಯಾಟರಿ ತುಂಬಿದ್ದರೂ ಇನ್ವರ್ಟರ್ ‘ಲೋ ಬ್ಯಾಟರಿ’ ಎಂದು ಕೂಗುತ್ತದೆ. ಟರ್ಮಿನಲ್ಲಿನಲ್ಲಿ 27 ವ್ಯಾಟ್ ಶಾಖವೂ ಹುಟ್ಟುತ್ತದೆ. ಹೊಸ ಬ್ಯಾಟರಿಗೆ ದುಡ್ಡು ಕೊಡುವ ಮೊದಲು, ಹೊರೆ ಇರುವಾಗ ಬ್ಯಾಟರಿಯ ಸೀಸದ ಕಂಬಗಳ ನಡುವೆ ಒಮ್ಮೆ, ಇನ್ವರ್ಟರಿನ ತುದಿಯಲ್ಲಿ ಒಮ್ಮೆ ವೋಲ್ಟೇಜ್ ಅಳೆದು ಕಳೆಯಿರಿ.

ಕೊನೆಯ ಹೆಜ್ಜೆ: ಮನೆಯ ಮೀಟರಿನಿಂದ ತಾಳೆ ನೋಡುವುದು

ನೀವು ಹಾಕಿದ ಲೆಕ್ಕ ಸರಿಯೇ ಎಂದು ನೋಡಲು ಮೆಸ್ಕಾಂನ ಮೀಟರೇ ಇದೆ. ಅದರ ಮುಖದ ಮೇಲೆ ಒಂದು ಯೂನಿಟಿಗೆ ಇಷ್ಟು ಮಿಣುಕು ಎಂದು ಬರೆದಿರುತ್ತದೆ. 3200 ಎಂದಿದೆ ಎನ್ನೋಣ. ಫ್ರಿಜ್ ಸಮೇತ ಎಲ್ಲವನ್ನೂ ಆರಿಸಿ ರಾಡೊಂದನ್ನೇ ಉರಿಸಿ. ಒಂದು ಮಿಣುಕು ಕಂಡ ಕೂಡಲೇ ಗಡಿಯಾರ ಹಿಡಿದು ಮುಂದಿನ ಹತ್ತು ಮಿಣುಕಿಗೆ ಎಷ್ಟು ಸೆಕೆಂಡ್ ಆಯಿತೆಂದು ನೋಡಿ. 11,250ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ವ್ಯಾಟ್ ಬರುತ್ತದೆ. ಬೇರೆ ಸಂಖ್ಯೆಯ ಮೀಟರಾದರೆ 3,60,00,000ವನ್ನು ಮೀಟರಿನ ಆ ಸಂಖ್ಯೆಯಿಂದ ಭಾಗಿಸಿ 11,250ರ ಜಾಗದಲ್ಲಿ ಬಳಸಿ. ಮೇಲಿನ 202 ವೋಲ್ಟ್, 5.73 ಆಂಪಿಯರಿನ ರಾಡಿಗೆ 1157 ವ್ಯಾಟ್ ಆದ್ದರಿಂದ ಹತ್ತು ಮಿಣುಕಿಗೆ 9.7 ಸೆಕೆಂಡ್ ಬೇಕು. ಗಡಿಯಾರದ ಗುಂಡಿ ಒತ್ತುವುದರಲ್ಲೇ ಕಾಲು ಸೆಕೆಂಡ್ ಹೆಚ್ಚುಕಡಿಮೆ ಆಗುವುದರಿಂದ ಐವತ್ತು ಮಿಣುಕು ಎಣಿಸಿ ಐದರಿಂದ ಭಾಗಿಸುವುದು ಲೇಸು. ಶೇ. 5ರೊಳಗೆ ಹೊಂದಿದರೆ ನಿಮ್ಮ ಮಲ್ಟಿಮೀಟರ್, ಕ್ಲಾಂಪ್ ಮೀಟರ್, ಲೆಕ್ಕ ಮೂರೂ ಸರಿಯಿವೆ. ಹೊಂದದಿದ್ದರೆ ಮೊದಲು ಮಲ್ಟಿಮೀಟರಿನ ಬ್ಯಾಟರಿ ಬದಲಿಸಿ ಮತ್ತೆ ಅಳೆಯಿರಿ. ಚಾರ್ಜ್ ಇಳಿದ ಮೀಟರುಗಳಲ್ಲಿ ಹಲವು ವೋಲ್ಟೇಜನ್ನು ಹೆಚ್ಚಾಗಿ ತೋರಿಸುತ್ತವೆ.